ಸಾಹೇಬ ಎಂಬ ಎಂಟ್ರಿ

ಶಿವಗಂಗಾ ಮೊದಲ ಸಲ ಚಿತ್ತಾಪುರದ ಆ ಆಫೀಸಿನ ಮೆಟ್ಟಿಲು ಹತ್ತಿದಾಗ, ಅವಳ ಹೆಗಲಿಗಿದ್ದ ಕರೀ ಪೆಟ್ಟಿಗೆ ನೋಡಿ ಒಳಗೆ ಕುಳಿತಿದ್ದ ವಕೀಲ ಬೇರೆ ದಾರಿ ತೋರಿಸಿಬಿಟ್ಟ.

“ಭಜನಿ ಮಂಡಳದವ್ರು ಹಿಂದಿನ ಗಲ್ಲ್ಯಾಗ ಅದಾರ್ರಿ ಅಕ್ಕೋರ. ಇದು ವಕೀಲರ ಆಫೀಸ್.”

ಅಂದದ್ದು ಎಷ್ಟು ಜೋರಾಗಿತ್ತೆಂದರೆ ಎದುರಿನ ಚಹಾದಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶಿವಗಂಗಾಗೆ ನಗು ತಡೆಯಲಾಗಲಿಲ್ಲ. ಉತ್ತರ ಕೊಟ್ಟರೆ ಅವನಿಗೆ ಕೇಳಿಸುವುದಿಲ್ಲ ಎಂದು ಗೊತ್ತಿತ್ತು. ಸುಮ್ಮನೆ ಪೆಟ್ಟಿಗೆ ಬಿಚ್ಚಿದಳು, ಮಷೀನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಕೂರಿಸಿದಳು, ಲ್ಯಾಪ್‌ಟಾಪಿಗೆ ಜೋಡಿಸಿ ಪರದೆಯನ್ನು ಅವನ ಕಡೆ ತಿರುಗಿಸಿದಳು. ಬೆರಳುಗಳು ಒಮ್ಮೆ ಮೆಲ್ಲಗೆ ಒತ್ತಿದವು.

‘ಹಾರ್ಮೋನಿಯಂ ಅಲ್ರಿ ಸರ್. ನೀವು ಕರೆಸಿದ ಸ್ಟೆನೊ ನಾನು.’

ಅವನು ಓದಿದ. ಕಿವಿಯ ತುದಿಯವರೆಗೆ ಕೆಂಪಾದ. ಆಮೇಲೆ ಮೀಸೆಯ ಅಡಿಯಿಂದ ಒಂದು ನಗು ಹೊರಟು ಕಣ್ಣಿನ ತನಕ ಹೋಯಿತು. ಸೇಡಂನಿಂದ ಪ್ಯಾಸೆಂಜರ್ ರೈಲಿನಲ್ಲಿ ನಿಂತುಕೊಂಡೇ ಬಂದ ದಣಿವು ಶಿವಗಂಗಾಗೆ ಅಲ್ಲಿಗೇ ಇಳಿಯಿತು.

ಅವನ ಹೆಸರು ರಾಜರತ್ನ. ವಾಡಿಯವನು, ಅಪ್ಪ ರೈಲ್ವೆಯಲ್ಲಿದ್ದರು, ಈಗ ಮನೆಯಲ್ಲಿ ಅವ್ವ ಭೀಮಬಾಯಿ ಮಾತ್ರ. ಚಿತ್ತಾಪುರದ ಕೋರ್ಟಿನಲ್ಲಿ ಹೆಸರು ಮಾಡುತ್ತಿದ್ದ ಹುಡುಗ ವಕೀಲನಿಗೆ ಒಂದು ಮಳೆಗಾಲ ಜ್ವರ ಬಂತು; ಜ್ವರ ಹೋಗುವಾಗ ಎರಡೂ ಕಿವಿ ಜೊತೆಗೆ ಒಯ್ದಿತು. ಫೋನಿನಲ್ಲಿ ಮಾತು ಬರೆದು ತೋರಿಸುವ ಆ್ಯಪ್ ಹಾಕಿ ನೋಡಿದ. ಅರ್ಧ ಕನ್ನಡ, ಅರ್ಧ ಉರ್ದು, ನಡುವೆ ಒಂದಿಷ್ಟು ಮರಾಠಿ ಬೆರೆಸಿ ನಾಲ್ಕು ಜನ ಒಟ್ಟಿಗೇ ಮಾತಾಡುವ ಇಲ್ಲಿಯ ಕೋರ್ಟ್ ವರಾಂಡದಲ್ಲಿ ಆ ಆ್ಯಪ್ ಕೈ ಚೆಲ್ಲಿತು. ಕೊನೆಗೆ ಯಾರೋ ಶಿವಗಂಗಾಳ ಹೆಸರು ಹೇಳಿದ್ದರು. ಆಡಿದ ಮಾತನ್ನು ಆಡುತ್ತಿರುವಾಗಲೇ ಪರದೆಯ ಮೇಲೆ ಹಾಕುವ ಹುಡುಗಿ ಸೇಡಂನಲ್ಲಿದ್ದಾಳೆ ಎಂದು.

ಈ ಮಷೀನಿನ ಸಂಗತಿ ಸ್ವಲ್ಪ ಹೇಳಬೇಕು. ಇದರಲ್ಲಿ ಒಂದೊಂದೇ ಅಕ್ಷರ ಕುಟ್ಟುವುದಿಲ್ಲ. ಇರುವುದೇ ಕೆಲವು ಕೀಲಿ. ಐದಾರನ್ನು ಒಟ್ಟಿಗೆ ಒತ್ತಿದರೆ ಅದು ಒಂದು ಸ್ಟ್ರೋಕ್. ಯಾವ ಸ್ಟ್ರೋಕಿಗೆ ಯಾವ ಮಾತು ಎಂಬುದು ಲ್ಯಾಪ್‌ಟಾಪಿನೊಳಗಿನ ಡಿಕ್ಷನರಿಯಲ್ಲಿರುತ್ತದೆ. ಅದರಲ್ಲಿ ಇಲ್ಲದ ಮಾತು ಬಂದರೆ ಪರದೆ ಮೇಲೆ ಬರೀ ಗೊಜ್ಜು. ಕನ್ನಡಕ್ಕೆ ಸಿದ್ಧ ಡಿಕ್ಷನರಿ ಸಿಗದೆ ಶಿವಗಂಗಾ ತನ್ನದನ್ನು ತಾನೇ, ಒಂದೊಂದೇ ಎಂಟ್ರಿ ಸೇರಿಸಿ ಕಟ್ಟಿಕೊಂಡಿದ್ದಳು. ಕಲಬುರಗಿಯಲ್ಲಿ ಅವಳಿಗೆ ಕಲಿಸಿದ ಹಮೀದಾಬೇಗಂ ಒಂದೇ ಮಾತು ಹೇಳಿ ಕಳಿಸಿದ್ದರು: “ಜೋ ಸುನೇ ಸೋ ಲಿಖೋ, ಅಪ್ನಾ ಕುಛ್ ನಕ್ಕೋ.” ಕೇಳಿಸಿದ್ದನ್ನೇ ಬರಿ, ನಿನ್ನದೇನೂ ಬೇಡ.

ಮೊದಲ ದಿನವೇ ರಾಜರತ್ನ ಅವ್ವನ ಸುದ್ದಿ ತೆಗೆದ. ಭೀಮಬಾಯಿ ಎಂಬಲ್ಲಿ ಪರದೆ ಮೇಲೆ ಬಾಲ ಮುರಿದ ಅಕ್ಷರಗಳು ಸಾಲಾಗಿ ಬಂದು ನಿಂತವು.

“ನಮ್ಮವ್ವ ಇದನ್ನ ನೋಡಿದ್ರ ನಿಮಗ ರೊಟ್ಟಿ ಹಾಕಂಗಿಲ್ಲ ನೋಡ್ರಿ,” ಅಂದ.

‘ಈಗೇ ಎಂಟ್ರಿ ಮಾಡ್ತೀನ್ರಿ. ರೊಟ್ಟಿ ತಪ್ಪಿಸಬ್ಯಾಡ್ರಿ.’

ಹೀಗೆ ಶುರುವಾಯಿತು. ಕೋರ್ಟ್ ಬಿಟ್ಟ ಮೇಲೆ, ಅವಳ ರೈಲು ಬರುವ ತನಕ, ಇಬ್ಬರೂ ಎದುರುಬದುರು ಕುಳಿತು ಡಿಕ್ಷನರಿ ಬೆಳೆಸುತ್ತಿದ್ದರು. ಅವನು ತನ್ನ ಲೋಕದಿಂದ ಒಂದೊಂದು ಮಾತು ತೆಗೆದು ಕೊಡುವನು, ಅವಳು ಅದಕ್ಕೊಂದು ಸ್ಟ್ರೋಕ್ ಹುಡುಕುವಳು. ವಾಡಿ, ಶಹಾಬಾದ, ಪರಸಿಕಲ್ಲು, ಪಹಣಿ, ಪುಂಡಿಪಲ್ಲೆ. ಚಿಂಚೋಳಿಗೆ ಎಡಗೈ ಸಾಕಾಯಿತು. ಚಂದ್ರಂಪಳ್ಳಿಗೆ ಮಾತ್ರ ಬೆರಳು ಎಷ್ಟು ಹೊಂದಿಸಿದರೂ ಒಂದೇ ಒತ್ತಿಗೆ ಬರಲೊಲ್ಲದು.

“ಅದು ಡ್ಯಾಮ್ ಅದರಿ ಮೇಡಂ, ಒಂದ ಮುಷ್ಟ್ಯಾಗ ಹ್ಯಾಂಗ ಹಿಡಿತೀರಿ?” ಎಂದು ಅವನು ಕಾಡುತ್ತಿದ್ದ.

ತನ್ನ ದನಿ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಜೋರಾದಾಗ ಶಿವಗಂಗಾ ಅಂಗೈ ಎತ್ತಿ ಮೆಲ್ಲಗೆ ಕೆಳಗೆ ಇಳಿಸುವಳು. ಅವಳ ಅಂಗೈ ಇಳಿದಷ್ಟೂ ಅವನ ದನಿ ಇಳಿಯುತ್ತಿತ್ತು. ಕೆಲವು ಸಂಜೆ ಅದು ಅವಳೊಬ್ಬಳಿಗೇ ಕೇಳುವಷ್ಟು ಇಳಿದುಬಿಡುತ್ತಿತ್ತು, ಮತ್ತು ಅವಳು ಬೇಕೆಂದೇ ಇನ್ನೂ ಸ್ವಲ್ಪ ಇಳಿಸುತ್ತಿದ್ದಳು.

“ಜನ ನಕ್ರ ‘ನಗು’ ಅಂತ ಹೊಡಿತೀರಿ. ನೀವು ನಕ್ಕಾಗ ಯಾಕ ಬರಂಗಿಲ್ಲ?” ಎಂದು ಒಮ್ಮೆ ಕೇಳಿದ.

‘ಹೊಡಿಯವರ ನಗು ಹೊಡಿಯೂದಿಲ್ರಿ. ನಿಯಮ.’

“ಹೋಗ್ಲಿ ಬಿಡ್ರಿ. ಅದನ್ನ ನಾ ಪರದೆ ಬಿಟ್ಟು ಓದ್ಕೋತೀನಿ.”

ಹಾಗೆಂದು ಅವನು ಅವಳ ಮುಖವನ್ನೇ ನೋಡಿದ. ಶಿವಗಂಗಾ ಕೀಲಿಗಳ ಕಡೆ ತಲೆ ಬಗ್ಗಿಸಿದಳು. ಆ ದಿನ ರೈಲು ತಪ್ಪಿ ಬಸ್ಸಿಗೆ ಹೋಗಬೇಕಾಯಿತು; ಬಸ್ಸಿನಲ್ಲಿ ನೂಕುನುಗ್ಗಲು, ಆದರೂ ಅವಳಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ.

ಇಷ್ಟರಲ್ಲಿ ಚಿಂಚೋಳಿ ಕಡೆಯಿಂದ ಹೊಲದ ತಂಟೆ ಹೊತ್ತು ಇಬ್ಬರು ಬಂದರು. ರಾಜರತ್ನ ಒಳಗೆ ಅವರ ಕಾಗದ ಓದುತ್ತಿದ್ದ. ಅವರು ಬಾಗಿಲ ಬಳಿಯ ಬೆಂಚಿನ ಮೇಲೆ ಮಾತಾಡಿಕೊಂಡರು. ಪಿಸುಗುಟ್ಟುವ ಅಗತ್ಯವೂ ಅವರಿಗೆ ಕಾಣಲಿಲ್ಲ.

“ಏ ಕಾಕಾ, ಈ ಕಿವುಡನ ಕೈಯಾಗ ಕೇಸ್ ಕೊಟ್ರ ಮುಗೀತು. ಜಡ್ಜ್ ಏನಂದ್ರು ಅಂತ ಇವಂಗ ಹೊಳಿಯೂದ್ರಾಗ ಹೊಲ ಹೋಗಿರ್ತದ.”

ಶಿವಗಂಗಾಳ ಬೆರಳು ತಮ್ಮ ಪಾಡಿಗೆ ತಾವು ಒತ್ತಿದವು. ಕೇಳಿಸಿದ್ದನ್ನು ಒತ್ತುವುದು ಅವುಗಳಿಗೆ ಉಸಿರಾಟದಷ್ಟು ಸಹಜ. ತಡೆಯಬೇಕೆಂದು ತಲೆಗೆ ಹೊಳೆಯುವುದರೊಳಗೆ ಪರದೆ ತುಂಬಿತ್ತು. ರಾಜರತ್ನ ಓದಿದ. ಕನ್ನಡಕ ತೆಗೆದು ಒರೆಸಿದ. ಅದು ಸ್ವಚ್ಛವಾಗಿಯೇ ಇತ್ತು. ಕಾಗದಗಳನ್ನು ಮಡಚಿ ಅವರ ಕೈಗೆ ಕೊಟ್ಟು, “ಬ್ಯಾರೆ ವಕೀಲರನ್ನ ನೋಡ್ರಿ, ನಂಗ ಪುರಸೊತ್ತಿಲ್ಲ” ಎಂದು ಕಳಿಸಿದ. ಆಮೇಲೆ ತರಿಸಿದ ಚಹಾ ಕೆನೆಗಟ್ಟಿತು.

“ಖರೆನೇ ಅಂದಾರ ಬಿಡ್ರಿ,” ಅಂದ. ಆ ದಿನ ಅವನ ದನಿ ಇಳಿಸಲು ಅಂಗೈ ಬೇಕಾಗಲಿಲ್ಲ.

ಆ ಸಂಜೆ ಶಿವಗಂಗಾ ಡಿಕ್ಷನರಿಗೆ ಕೂರದೆ ಮೊದಲ ರೈಲಿಗೇ ಹೊರಟಳು. ಮನೆಗೆ ಹೋದವಳೇ ಅಣ್ಣ ಸಂತೋಷಕುಮಾರ ಕೊಟ್ಟ ಚಹಾ ಕೂಡ ಕುಡಿಯದೆ ಲ್ಯಾಪ್‌ಟಾಪ್ ತೆಗೆದಳು. ಬೆರಳಿಗೆ ಸುಳ್ಳು ಕಲಿಸುವುದು ಆಗದ ಮಾತು. ಕೇಳಿದ್ದೊಂದು ಒತ್ತುವುದೊಂದು ಎಂದರೆ ಅವು ತೊದಲುತ್ತವೆ. ಆದರೆ ಡಿಕ್ಷನರಿ ಹೇಳಿದಂತೆ ಕೇಳುತ್ತದೆ. ಕಿವುಡ ಎಂಬ ಎಂಟ್ರಿ ಹುಡುಕಿದಳು. ಸ್ಟ್ರೋಕ್ ಹಾಗೇ ಬಿಟ್ಟಳು. ಅದರ ಮುಂದಿದ್ದ ಮಾತನ್ನು ಅಳಿಸಿ ‘ಸಾಹೇಬ’ ಎಂದು ಬರೆದು ಸೇವ್ ಮಾಡಿದಳು. ಕೆಪ್ಪ ಎಂಬುದಕ್ಕೂ ಹಾಗೇ ಮಾಡಿದಳು. ಮಾಡಿದ್ದು ಕಳ್ಳತನವೇ, ಆದರೆ ಅವನ ತಣ್ಣಗಾದ ಚಹಾ ಕಣ್ಣ ಮುಂದಿತ್ತು. ಮಾಡಿದ್ದು ಸರಿಯೇ ಅನ್ನಿಸಿತು.

ಮರುದಿನದಿಂದ ಚಿತ್ತಾಪುರ ಬದಲಾಯಿತು. ಅಂದರೆ, ರಾಜರತ್ನನ ಪರದೆಯ ಮೇಲೆ ಬದಲಾಯಿತು. ಗಲ್ಲಿಯಲ್ಲಿ ಯಾರೋ “ಆ ಕಿವುಡ ಬಂದ ನೋಡು” ಅಂದರೆ ‘ಆ ಸಾಹೇಬ ಬಂದ ನೋಡು’ ಎಂದು ಮೂಡುತ್ತಿತ್ತು. ಎದುರು ಪಕ್ಷದ ವಕೀಲ ಪಕ್ಕದವನಿಗೆ “ಕಿವುಡಗ ಜರಾ ತಡಾ ತಿಳಿತದ” ಅಂದರೆ, ‘ಸಾಹೇಬಗ ಜರಾ ತಡಾ ತಿಳಿತದ’ ಎಂದು ಓದಿ ಇವನು ದೊಡ್ಡ ಮನಸ್ಸಿನಿಂದ ನಗುತ್ತಿದ್ದ. ಬೆನ್ನು ನೆಟ್ಟಗಾಯಿತು. ಬಿಟ್ಟಿದ್ದ ಕರೀ ಕೋಟಿನ ಇಸ್ತ್ರಿ ಮತ್ತೆ ಶುರುವಾಯಿತು. ಬೇಡ ಎನ್ನುತ್ತಿದ್ದ ಕೇಸುಗಳನ್ನು ಕೇಳಿ ಕೇಳಿ ತೆಗೆದುಕೊಂಡ.

ಒಂದು ದಿನ ಭೀಮಬಾಯಿ ಬುತ್ತಿ ಕಟ್ಟಿಕೊಂಡು ವಾಡಿಯಿಂದ ತಾವೇ ಬಂದರು. ಮಗ ಕೋರ್ಟಿನಲ್ಲಿದ್ದ. ಶಿವಗಂಗಾಳನ್ನು ಹತ್ತಿರ ಕೂರಿಸಿಕೊಂಡು ರೊಟ್ಟಿ ಬಿಚ್ಚಿದರು.

“ನನ್ನ ಮಗ ನಗಾಕತ್ತಾನ ನೋಡವ್ವ. ಮನ್ಯಾಗ ಹಾಡು ಗುನಗಾಕತ್ತಾನ, ಸುರ್ ಇಲ್ಲ ತಾಳ ಇಲ್ಲ. ಏನ್ ಔಷಧ ಕೊಟ್ಟಿ ನೀ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಶಿವಗಂಗಾ ಮಷೀನಿನ ಕಡೆ ನೋಡಿದಳು. “ನಾ ಏನೂ ಮಾಡಿಲ್ರಿ ಅಮ್ಮ,” ಅಂದಳು.

ಚಳಿಗಾಲದ ಒಂದು ಮಧ್ಯಾಹ್ನ ಕಾಲುವೆ ಜಮೀನಿನ ಕೇಸಿಗಾಗಿ ಚಂದ್ರಂಪಳ್ಳಿಗೆ ಹೋಗಬೇಕಾಯಿತು. ಕೆಲಸ ಮುಗಿಯುವುದರಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿಯೂ ಮುಗಿಯಿತು. ಪರದೆ ಇಲ್ಲದೆ ಇಬ್ಬರೂ ಡ್ಯಾಮಿನ ಒಡ್ಡಿನ ಮೇಲೆ ನಡೆದರು. ಒಂದು ಕಡೆ ನೀರು, ಒಂದು ಕಡೆ ಕಾಡು. ಅವಳ ಮಾತು ತಿಳಿಯಲು ಅವನು ತುಟಿ ನೋಡಬೇಕಿತ್ತು, ಆದ್ದರಿಂದ ನೋಡುತ್ತಲೇ ಇದ್ದ; ಅವಳು ಮಾತಾಡದಿದ್ದಾಗಲೂ ನೋಡುತ್ತಿದ್ದ.

“ಶಿವಗಂಗಾ,” ಅಂದ. ಮೇಡಂ ಎಂಬುದು ಅಲ್ಲಿಗೆ ಬಿದ್ದುಹೋಯಿತು. “ಆ ಶಹಾಬಾದದ ಕೂಲಿ ಸೂರ್ಯಕಾಂತನ ಕೇಸ್ ಮುಗದ ಮ್ಯಾಲ ಸೇಡಂಗ ಬರಬೇಕಂತ ಮಾಡೀನಿ. ನಿಮ್ಮಣ್ಣನ ಜೋಡಿ ಮಾತಾಡಾಕ.”

ಅವಳು ನಿಂತಳು.

“ನಾವು ಯಾರು, ನೀವು ಯಾರು ಅಂತ ಅವರಿಗಿ ಗೊತ್ತಾಗೇ ಆಗ್ತದ. ಬುದ್ಧನ ಫೋಟೋ ಇಟ್ಟ ಮನಿಗಿ ಹೆಣ್ಣು ಕೊಡ್ರಿ ಅಂದ್ರ ಏನಂತಾರ ಅನ್ನೂದು ನಂಗೂ ಗೊತ್ತದ.”

ಶಿವಗಂಗಾ ಅವನಿಗೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದಳು. “ನಮ್ಮಣ್ಣ ದಿನಾ ಬಸವಣ್ಣನ ಫೋಟೋಕ್ಕ ಊದಿನಕಡ್ಡಿ ಹಚ್ತಾನ. ಅದರ ಕೆಳಗ ಕುಂತು ಜಾತಿ ಕೇಳಲಿ. ಅವನನ್ನ ನಾ ನೋಡ್ಕೋತೀನಿ.”

ಅವನು ನಕ್ಕ. “ಮೊದಲಾಗಿದ್ರ ಕೇಳ್ತಿದ್ದಿಲ್ಲ. ಕಿವಿ ಹೋದವ ಯಾವ ಮಾರಿ ಹೊತ್ಕೊಂಡು ಹೆಣ್ಣು ಕೇಳಾಕ ಹೋಗ್ಲಿ ಅನ್ನಸ್ತಿತ್ತು. ಈಗ ಮಂದಿ ನನ್ನ ಸಾಹೇಬ ಅಂತಾರ. ನಿಮಗ ಗೊತ್ತದಲ್ಲ, ನೀವೇ ಹೊಡಿತೀರಿ. ಊರೇ ನನ್ನ ಒಪ್ಕೊಂಡದ ಅಂದ ಮ್ಯಾಲ ನಿಮ್ಮಣ್ಣನ ಮುಂದ ಕುಂದ್ರಾಕ ಧೈರ್ಯ ಬಂದದ ನೋಡ್ರಿ.”

ಅವಳು ಬಯಸಿದ್ದೆಲ್ಲ ಆ ಮಾತಿನಲ್ಲಿತ್ತು. ಮತ್ತು ಅದರ ಬುಡದಲ್ಲಿ ಅವಳು ಬರೆದ ಸುಳ್ಳಿತ್ತು. ಹೇಳಬೇಕಿತ್ತು, ಆಗಲೇ. ಅವನು ಮುಂದೆ ನಡೆದ ಮೇಲೆ, ಆ ಬೆನ್ನಿಗೆ ಹೇಳಿದಳು, ದನಿ ಎತ್ತಿಯೇ ಹೇಳಿದಳು: “ಊರು ಅಂದಿಲ್ರಿ. ನಾ ಅನ್ನಿಸೀನಿ.”

ಕೇಳಿಸದವನ ಬೆನ್ನಿಗೆ ನಿಜ ಹೇಳುವುದು ಎಷ್ಟು ಸುಲಭ. ಅವನು ತಿರುಗಿದ.

“ಏನರ ಅಂದ್ರಿ?”

“ಗಾಳಿ ಭಾಳ ಅದ ಅಂದೆ.”

ಸಂಜೆ ಮನೆಯಲ್ಲಿ ಡಿಕ್ಷನರಿ ತೆಗೆದು ಆ ಸಾಲಿನ ಮುಂದೆ ಕುಳಿತಳು. ಅಳಿಸಿದರೆ ನಾಳೆಯಿಂದಲೇ ಪರದೆ ಮೇಲೆ ಹಳೆಯ ಮಾತು ಮತ್ತೆ ಬರುತ್ತದೆ. ಊರು ಒಂದೇ ರಾತ್ರಿಯಲ್ಲಿ ಯಾಕೆ ಕೆಟ್ಟಿತು ಎಂದು ಅವನು ಕೇಳುತ್ತಾನೆ. ಸೂರ್ಯಕಾಂತನ ಕೇಸ್ ಮುಗಿಯಲಿ, ಆಮೇಲೆ ತಾನೇ ಹೇಳಿದರಾಯಿತು ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದಳು. ಪ್ರೀತಿಸುವವರು ಹಾಳಾಗುವುದು ಇಂಥ ಆಮೇಲೆಗಳಿಂದಲೇ.

ಸೂರ್ಯಕಾಂತ ಶಹಾಬಾದದವನು. ಅಲ್ಲಿಯ ಒಂದು ಪಾಲಿಶ್ ಯಾರ್ಡಿನಲ್ಲಿ ಕಲ್ಲು ಕೊಯ್ಯುವ ಮಷೀನಿನ ಪಕ್ಕ ನಿಂತು ನಿಂತು ಕಿವಿ ಕಳೆದುಕೊಂಡಿದ್ದ. ಪರಿಹಾರಕ್ಕೆ ಕೇಸ್ ಹಾಕಿದ್ದ. ರಾಜರತ್ನನಿಗೆ ಇದು ಬರೀ ಕೇಸ್ ಆಗಿರಲಿಲ್ಲ. ಕಾಗದದಲ್ಲೆಲ್ಲ ‘ಶ್ರವಣ ಶಕ್ತಿ ನಷ್ಟ’ ಎಂದೇ ಇತ್ತು, ಸೂರ್ಯಕಾಂತನ ಹೆಂಡತಿ ಕೂಡ “ಕಿವಿ ಹೋಗ್ಯಾವ್ರಿ” ಎಂದೇ ಹೇಳುತ್ತಿದ್ದಳು. ಹಾಗಾಗಿ ಇಷ್ಟು ದಿನ ಶಿವಗಂಗಾಳ ಸುಳ್ಳು ಎಲ್ಲೂ ಎಡವಿರಲಿಲ್ಲ.

ಆ ದಿನ ಯಾರ್ಡಿನ ಮುಕದ್ದಮ ಸಾಕ್ಷಿ ಹೇಳಲು ನಿಂತ. ಕೂಲಿಯವರ ಮೇಲೆ ಮೇಸ್ತ್ರಿಕೆ ಮಾಡುವವನು. ಮಾಲಕರು ಹೇಳಿಕೊಟ್ಟದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ.

“ನಮ್ಮ ಮಷೀನಿಂದ ಏನೂ ಆಗಿಲ್ರಿ. ಅವ ಹುಟ್ಟು ಕಿವುಡ ಇದ್ದ.”

ಒತ್ತಿದ ಮೇಲೆ ಶಿವಗಂಗಾಗೆ ತಿಳಿಯಿತು. ಪರದೆ ಮೇಲೆ ‘ಅವ ಹುಟ್ಟು ಸಾಹೇಬ ಇದ್ದ’ ಎಂದು ನಿಂತಿತ್ತು. ರಾಜರತ್ನ ಓದಿದ, ಹುಬ್ಬು ಏರಿಸಿದ, ಎದ್ದು ನಿಂತ.

“ಹುಟ್ಟು ಸಾಹೇಬ ಇದ್ದವ ಕಲ್ಲಿನ ಧೂಳ ತಿನ್ನಾಕ ಯಾಕ ಬರ್ತಿದ್ದ?”

ಕೋರ್ಟ್ ಹಾಲ್ ಘೊಳ್ಳೆಂದು ನಕ್ಕಿತು. ಮುಕದ್ದಮನೂ ನಕ್ಕ. ರಾಜರತ್ನ ಜನರ ಬಾಯಿ ನೋಡಿದ, ಪರದೆ ನೋಡಿದ. ಪರದೆ ಮೇಲೆ ‘ನಗು’ ಎಂದಿತ್ತು. ಜಡ್ಜ್ ಪಾಪ, ತಿಳಿಹೇಳಲು ಬಿಡಿಸಿ ಬಿಡಿಸಿ ಅಂದರು: “ಸಾಹೇಬ ಅಲ್ಲ ವಕೀಲರೇ, ಕಿವುಡ ಅಂದ್ರು.”

ಶಿವಗಂಗಾಳ ಬೆರಳು ಅದನ್ನೂ ಒತ್ತಿಬಿಟ್ಟವು.

‘ಸಾಹೇಬ ಅಲ್ಲ ವಕೀಲರೇ, ಸಾಹೇಬ ಅಂದ್ರು.’

ಅವನು ಅದನ್ನು ಓದಿ ಅವಳ ಕಡೆ ತಿರುಗಿದ. ಇನ್ನೂ ನಂಬಿಕೆಯಿಂದಲೇ ನೋಡಿದ, ಮಷೀನು ಕೆಟ್ಟಿತೇನೋ ಎಂಬಂತೆ. ಆ ನೋಟ ಅವಳಿಗೆ ತಡೆಯಲಾಗಲಿಲ್ಲ. ಡಿಕ್ಷನರಿ ಬಿಟ್ಟು, ಲ್ಯಾಪ್‌ಟಾಪಿನ ಕೀಲಿಮಣೆಯಲ್ಲೇ ಅಕ್ಷರ ಅಕ್ಷರವಾಗಿ ಒತ್ತಿದಳು. ಕಿ. ವು. ಡ.

ವಕೀಲನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಅವನ ಮುಖದ ಮೇಲೆ ತಿಂಗಳುಗಟ್ಟಲೆ ಓದಿದ ಸಾಹೇಬಗಳೆಲ್ಲ ಒಂದೊಂದಾಗಿ ಹಿಂದೆ ಹೋದದ್ದನ್ನು ಅವಳು ಕಂಡಳು. ಆದರೂ ಅವನು ಕುಳಿತುಕೊಳ್ಳಲಿಲ್ಲ. ಮುಕದ್ದಮನ ಕಡೆ ತಿರುಗಿದ.

“ಹುಟ್ಟು ಕಿವುಡ ಅಂತೀರಿ. ಮತ್ತ ಸೈರನ್ ಕೇಳಿ ಮಷೀನ್ ಬಂದ್ ಮಾಡೂ ಕೆಲಸಕ್ಕ ಅವನ್ನೇ ಯಾಕ ನಿಂದ್ರಿಸಿದ್ರಿ?”

ಮುಕದ್ದಮ ಮಾಲಕರ ವಕೀಲನ ಕಡೆ ತಿರುಗಿ ನೋಡಿದ. ಆ ಪ್ರಶ್ನೆಯಿಂದಲೇ ಮುಂದೆ ಸೂರ್ಯಕಾಂತ ಕೇಸ್ ಗೆದ್ದ. ಆದರೆ ಆ ಹೊತ್ತಿನಲ್ಲಿ ಶಿವಗಂಗಾಗೆ ಕಂಡದ್ದು, ಅವನು ಕುಳಿತುಕೊಳ್ಳುವಾಗ ಪರದೆಯನ್ನು ತನ್ನಿಂದ ಒಂದಿಷ್ಟು ದೂರ ಸರಿಸಿದ್ದು ಮಾತ್ರ.

ಆಫೀಸಿಗೆ ಬಂದ ಮೇಲೆ ಅವನೇ ಬಾಗಿಲು ಮುಚ್ಚಿದ.

“ಎಂದಿನಿಂದ?”

‘ಚಿಂಚೋಳಿಯವರು ಬಂದಿದ್ರಲ್ಲ. ಅವತ್ತಿನಿಂದ.’

“ಗಲ್ಲ್ಯಾಗಿನ ಮಂದಿ?”

‘ಅವರೂ.’

“ನಮ್ಮ ವಕೀಲರ ರೂಮಿನ್ಯಾಗ?”

ಅವಳ ಬೆರಳು ಕೀಲಿಗಳಿಂದ ಇಳಿದವು. ಅದೇ ಉತ್ತರವಾಯಿತು.

“ಮೊನ್ನೆ ಭಜಿ ಅಂಗಡಿಯವ ‘ಮೊದಲ ಸಾಹೇಬಗ ಕೊಡು’ ಅಂದದ್ದು?”

‘ಅದು ಖರೇರಿ. ಅವ ಖರೇನೇ ಸಾಹೇಬ ಅಂದ. ಆಣಿ ಮಾಡಿ ಹೇಳ್ತೀನಿ.’

“ಹ್ಯಾಂಗ ನಂಬಲಿ?” ಅವನ ದನಿ ಏರಿತು. ಅವಳ ಅಂಗೈ ತಾನಾಗಿ ಮೇಲೆದ್ದಿತು, ಅರ್ಧಕ್ಕೇ ನಿಂತಿತು. “ಮಂದಿ ಕಿವುಡ ಅಂದ್ರ ನಾ ಎರಡ ದಿನ ಮುಖ ಸಣ್ಣ ಮಾಡ್ತಿದ್ದೆ, ಮೂರನೇ ದಿನ ಎದ್ದು ಕುಂದ್ರತಿದ್ದೆ. ಇಷ್ಟು ದಿನ ನಾ ಬದುಕಿದ್ದು ಚಿತ್ತಾಪುರದಾಗ ಅಲ್ಲ, ನಿಮ್ಮ ಡಿಕ್ಷನರ್ಯಾಗ.”

ಶಿವಗಂಗಾಳ ಕಣ್ಣು ತುಂಬಿ ಕೀಲಿಗಳು ಕಲಸಿಹೋದವು. ತಪ್ಪಾಯಿತು ಎಂದು ಒತ್ತಿದಳು. ನಿಮ್ಮ ಮುಖ ನೋಡಲಾಗದೆ ಮಾಡಿದೆ ಎಂದು ಒತ್ತಿದಳು. ಕೊನೆಗೆ, ಹಮೀದಾಬೇಗಂ ಬೇಡವೆಂದದ್ದನ್ನು, ಯಾರೂ ಆಡದ ತನ್ನದೇ ಮಾತನ್ನು ಒತ್ತಿದಳು.

‘ನಂಗ ನೀವಂದ್ರ ಜೀವ.’

ಅವನು ಓದಿದ. ಸಿಟ್ಟು ಮಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ದಣಿದವನ ಹಾಗೆ ಕೇಳಿದ.

“ಇದು ಯಾವ ಸ್ಟ್ರೋಕಿನ ಎಂಟ್ರಿ, ಶಿವಗಂಗಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವಳ ಮಾತು ಆಡುವ ಮೊದಲೇ ಒಡೆದಿತ್ತು.

ಒಂದು ವಾರದ ಮೇಲೆ ಮೆಸೇಜ್ ಬಂತು. ಪೂನಮ್ ಎಂಬ ಹುಡುಗಿ ಕೆಲಸಕ್ಕೆ ಬರುತ್ತಾಳೆ, ವಾಡಿಯ ರೈಲ್ವೆ ಕ್ವಾರ್ಟರ್ಸಿನವಳು, ಮಷೀನ್ ಕಲಿತಿದ್ದಾಳೆ. ದಯವಿಟ್ಟು ನಿಮ್ಮ ಡಿಕ್ಷನರಿ ಅವಳಿಗೆ ಕೊಡಿ, ಅದನ್ನು ಓದುವ ಬಗೆ ಹೇಳಿಕೊಡಿ. ‘ದಯವಿಟ್ಟು’ ಎಂಬ ಮಾತನ್ನು ಅವನು ಅವಳಿಗೆ ಹಿಂದೆಂದೂ ಬರೆದಿರಲಿಲ್ಲ.

ಒಬ್ಬರ ಡಿಕ್ಷನರಿ ಇನ್ನೊಬ್ಬರಿಗೆ ಸುಮ್ಮನೆ ಹೊಂದುವುದಿಲ್ಲ. ಅದು ಕಟ್ಟಿದವರ ಬೆರಳಿನ ಅಳತೆಗೆ ಹೊಲಿದ ಅಂಗಿ. ಹೀಗಾಗಿ ಶಿವಗಂಗಾ ದಿನಾ ಬಂದು, ಅವನು ಕೋರ್ಟಿಗೆ ಹೋಗುವ ಮೊದಲು, ಪೂನಮ್ ಪಕ್ಕ ಕುಳಿತು ಒಂದೊಂದೇ ಎಂಟ್ರಿ ದಾಟಿಸಿದಳು. ವಾಡಿ ಹೀಗೆ. ಶಹಾಬಾದ ಹೀಗೆ. ಭೀಮಬಾಯಿಗೆ ಹೆಬ್ಬೆರಳು ಮರೆಯಬೇಡ.

“ಅಕ್ಕಾ, ಈ ಸ್ಟ್ರೋಕ್ ಖಾಲಿ ಅದಲ್ಲ?” ಎಂದು ಪೂನಮ್ ಒಂದು ಕಡೆ ನಿಂತಳು. ಅಲ್ಲಿದ್ದ ‘ಸಾಹೇಬ’ವನ್ನು ಶಿವಗಂಗಾ ಆಗಲೇ ಅಳಿಸಿದ್ದಳು.

“ಕಿವುಡ ಅಂತ ಹಾಕು.”

ಪೂನಮ್ ಅವಳ ಮುಖ ನೋಡಿ, ಏನೂ ಕೇಳದೆ ಹಾಕಿದಳು. ಒಳ್ಳೆಯ ಹುಡುಗಿ. ಕಿವಿಯೂ ಚುರುಕು, ಬೆರಳೂ ಚುರುಕು.

“ಸರ್ ದನಿ ಜೋರಾದ್ರ ಹಿಂಗ ಅಂಗೈ ಇಳಸು,” ಎಂದು ಶಿವಗಂಗಾ ತೋರಿಸಿಕೊಟ್ಟಳು. ಡಿಕ್ಷನರಿ ಕೊಟ್ಟಾಗ ನೋಯದ್ದು ಇದನ್ನು ಕೊಟ್ಟಾಗ ನೋಯಿತು.

ಸೂರ್ಯಕಾಂತ ಗೆದ್ದ ಸುದ್ದಿ ಹಬ್ಬಿ ಆಫೀಸಿಗೆ ಜನ ಬರತೊಡಗಿದರು. ಕಲಿಸುವ ಕೆಲಸ ಮುಗಿಯುವ ದಿನ ಬಾಗಿಲಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: “ಇವನೇ ನೋಡು ಆ ಕಿವುಡ ವಕೀಲ. ಕೇಸ್ ಹಿಡದ್ರ ಬಿಡೂ ಮನುಷ್ಯಾ ಅಲ್ಲ.” ಪೂನಮ್ ಹಾಗೇ ಒತ್ತಿದಳು. ರಾಜರತ್ನ ಓದಿದ, ಮೀಸೆಯಡಿ ನಕ್ಕ, ಬಂದವರಿಗೆ ಕುಂದ್ರಿ ಅಂದ. ಅಷ್ಟೇ. ಆ ಮಾತಿನಿಂದ ಅವನಿಗೆ ಏನೂ ಆಗಲಿಲ್ಲ. ಅವನು ತಡೆದುಕೊಳ್ಳಬಲ್ಲವನು ಎಂದು ತಾನೊಬ್ಬಳೇ ನಂಬಿರಲಿಲ್ಲ ಎಂಬುದು ಶಿವಗಂಗಾಗೆ ಆಗ ಅರ್ಥವಾಯಿತು. ಪ್ರೀತಿ ಎಂದುಕೊಂಡದ್ದರಲ್ಲಿ ಅರ್ಧ ಕನಿಕರವಿತ್ತು. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದಿತು.

ಜನ ಹೋದ ಮೇಲೆ ಅವಳು ಕಕ್ಷಿದಾರರು ಕೂರುವ ಬೆಂಚಿನ ಮೇಲೆ ಕುಳಿತಳು.

“ಪೂನಮ್, ನಾ ಸರ್‌ಗ ಒಂದು ಮಾತು ಹೇಳಬೇಕು. ನೀ ಹೊಡಿ.”

ಪೂನಮ್ ಕೀಲಿಗಳ ಮೇಲೆ ಕೈ ಇಟ್ಟು ತಡೆದಳು. “ಯಾರು ಮಾತಾಡ್ತಾರ ಅವರ ಹೆಸರು ಮೊದಲ ಬರಬೇಕಲ್ಲ ಅಕ್ಕಾ. ನಿಮ್ಮ ಹೆಸರಿಗಿ ಎಂಟ್ರಿನೇ ಇಲ್ಲ.”

ಇಷ್ಟು ದೊಡ್ಡ ಡಿಕ್ಷನರಿಯಲ್ಲಿ ಅವಳೊಬ್ಬಳೇ ಇರಲಿಲ್ಲ. ಶಿವಗಂಗಾ ಬಗ್ಗಿ ಯಾವ ಬೆರಳು ಒತ್ತಬೇಕೆಂದು ಪೂನಮ್‌ಗೆ ತೋರಿಸಿದಳು. ಹೆಸರು ಪರದೆ ಮೇಲೆ ಮೂಡಿತು. ರಾಜರತ್ನ ಓದಲು ಮುಂದೆ ಬಾಗಿದ.

“ನನ್ನ ತಪ್ಪಿಗಿ ಮಾಫಿ ಕೇಳಾಕತ್ತಿಲ್ಲ, ಅದು ಕೇಳಿ ಆಗ್ಯದ,” ಅಂದಳು ಅವಳು. ಪೂನಮ್‌ಳ ಬೆರಳು ಜೊತೆಗೇ ನಡೆದವು. “ಅವತ್ತು ನಾ ಹೊಡದದ್ದು ನೀವು ನಂಬಲಿಲ್ಲ. ಇವತ್ತು ನಾ ಮಷೀನ್ ಮುಟ್ಟಿಲ್ಲ. ನನ್ನ ಬಾಯಿಲೆ ಹೇಳಾಕತ್ತೀನಿ. ನಂಗ ನಿಮ್ಮ ಮ್ಯಾಲ ಭಾಳ ಪ್ರೀತಿ ಅದ. ನಿಮ್ಮ ಜೋಡಿ ಬಾಳೇ ಮಾಡಬೇಕಂತ ಆಸಿ ಇತ್ತು. ಈಗೂ ಅದ.”

ಪೂನಮ್ ಒಂದಕ್ಷರ ಬಿಡಲಿಲ್ಲ. ಅವನು ಕೊನೆಯ ತನಕ ಓದಿದ. ಅವನ ಕಣ್ಣು ಒದ್ದೆಯಾದವು. ಒಂದು ಗಳಿಗೆ, ಒಂದೇ ಗಳಿಗೆ, ಶಿವಗಂಗಾಗೆ ಆಸೆಯಾಯಿತು.

“ನಂಬ್ತೀನಿ,” ಅಂದ ಅವನು. “ಇದನ್ನ ಪೂರಾ ನಂಬ್ತೀನಿ. ನಂಗೂ ಅಷ್ಟೇ ಅದ, ಕಡಿಮಿ ಆಗಿಲ್ಲ.”

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಆದ್ರ ಮನ್ಯಾಗ ಪೂನಮ್ ಇರಂಗಿಲ್ಲಲ್ಲ, ಶಿವಗಂಗಾ. ಅವ್ವ ಏನಂದಳು, ಬಾಗಲಿಗಿ ಬಂದವ್ರು ಏನಂದ್ರು, ನಾಳೆ ಮಕ್ಕಳು ಏನಂದ್ವು, ಎಲ್ಲಾ ನೀವೇ ಹೇಳಬೇಕು. ನೀವು ಹೇಳಿದ ಪ್ರತಿ ಒಂದು ಒಳ್ಳೆ ಮಾತಿಗಿ ನಾ ನಿಮ್ಮ ಮುಖ ನೋಡ್ತೀನಿ, ಖರೆ ಏನು ಅಂತ. ದಿನಾ ನೋಡ್ತೀನಿ. ನೀವು ಬ್ಯಾಡ ಅಂದ್ರೂ ನನ್ನ ಕಣ್ಣು ಕೇಳಂಗಿಲ್ಲ. ಅಂಥಾ ಗಂಡನ ಮುಂದ ನಿಮ್ಮನ್ನ ಕುಂದ್ರಸಲಾ?”

ಅಣ್ಣನಿಗೆ ಕೊಡಲು ಅವಳ ಹತ್ತಿರ ಉತ್ತರವಿತ್ತು, ಊರಿಗೆ ಕೊಡಲು ಇತ್ತು. ಇವನ ಈ ಪ್ರಶ್ನೆಗೆ ಇರಲಿಲ್ಲ. ಅವನು ಹೇಳಿದ್ದು ಅವಳಿಗೂ ಗೊತ್ತಿದ್ದ ನಿಜವಾಗಿತ್ತು. ಮದುವೆಯಾದರೆ ಅವನ ಮೇಲಿನ ಮಮತೆಗೆ ಮತ್ತೆ ಒಂದು ದಿನ ಒಂದು ಮಾತು ಬದಲಿಸುವುದಿಲ್ಲ ಎಂದು ಎದೆ ಮುಟ್ಟಿ ಹೇಳಲು ಅವಳಿಂದ ಆಗಲಿಲ್ಲ.

ಎದ್ದು ಸೆರಗು ಸರಿ ಮಾಡಿಕೊಂಡಳು. ಖಾಲಿ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಈ ಸೀಮೆಯಲ್ಲಿ ಹೊರಟವರು ‘ಬರ್ತೀನಿ’ ಅನ್ನುತ್ತಾರೆ. ಹೆಣ್ಣು ಒಪ್ಪಿಸಿ ಕಳಿಸುವಾಗಲೂ, ಆಸ್ಪತ್ರೆಗೆ ಒಯ್ಯುವಾಗಲೂ ‘ಹೋಗ್ತೀನಿ’ ಎಂದು ಯಾರೂ ಬಾಯಿ ಬಿಡುವುದಿಲ್ಲ, ಅದು ಅಪಶಕುನ. ಬಾಗಿಲಲ್ಲಿ ನಿಂತು ಶಿವಗಂಗಾ ಅವನ ಕಡೆ ತಿರುಗಿದಳು.

“ಹೋಗ್ತೀನ್ರಿ,” ಅಂದಳು.

ಪೂನಮ್ ಬೆಚ್ಚಿ ತಲೆ ಎತ್ತಿದಳು. ಬೆರಳು ಕೀಲಿಗಳ ಮೇಲೆ ತೂಗಾಡಿದವು. ಒಂದು ಮಾತು ಬದಲಿಸಿದರೆ ಇಬ್ಬರಿಗೂ ಎಷ್ಟೋ ಹಗುರ. ಶಿವಗಂಗಾ ಅವಳನ್ನೇ ನೋಡುತ್ತ ಬೇಡ ಎಂದು ಮೆಲ್ಲಗೆ ತಲೆ ಅಲ್ಲಾಡಿಸಿದಳು. ಪೂನಮ್ ಕೇಳಿಸಿದ್ದನ್ನೇ ಒತ್ತಿದಳು. ರಾಜರತ್ನ ಕನ್ನಡಕ ಹಾಕಿಕೊಂಡು ಓದಿದ, ಮತ್ತು ಅದನ್ನು ನಂಬಿದ.